ತಾನಾಗಿ ಹಾರಿದ ಗುಂಡು

ಬೆರಳು ಟ್ರಿಗರಿನ ಹತ್ತಿರವೂ ಸುಳಿದಿರಲಿಲ್ಲ. ತೋಟಾ ಒಳಗೆ ನೂಕುವ ಬೋಲ್ಟು ಮುಂದಕ್ಕೆ ನುಗ್ಗಿ ಮುಚ್ಚಿಕೊಂಡಿದ್ದೇ ತಡ, ಲೈಮನ್‌ನ ಕೈಯಲ್ಲಿದ್ದ ಕೋವಿ ಢಮಾರೆಂದಿತು. ಗುಂಡು ತಮ್ಮ ಗಾರ್ತ್‌ನ ಬೂಟಿನ ಪಕ್ಕದಲ್ಲೇ ನೆಲ ಹೊಕ್ಕು, ಮಣ್ಣನ್ನು ಅವನ ಮೊಣಕಾಲಿಗೆ ಎರಚಿತು.

"ಅಣ್ಣಾ, ಎಲ್ಕ್ ಜಿಂಕೆ ಇರೋದು ಬೆಟ್ಟದ ಕಡೆ. ನನ್ನ ಕಾಲಲ್ಲಿ ಅಲ್ಲ!" ಗಾರ್ತ್ ನಗಲು ನೋಡಿದ. ಮೊಣಕಾಲಿನ ಮಣ್ಣು ಕೊಡವಿದ.

"ದರಿದ್ರದ ಕೋವಿ! ಈ ವಾರ ಇದು ಎರಡನೇ ಸಲ ಕಣೋ. ನಾನು ಟ್ರಿಗರ್ ಮುಟ್ಟಿದ್ರೆ ಕೇಳು."

ಇಬ್ಬರೂ ಮನೆಯ ಹಿಂದಿನ ಷೆಡ್ಡಿಗೆ ಬಂದು ಕೋವಿಯನ್ನು ಮೇಜಿನ ಮೇಲೆ ಬಿಚ್ಚಿ ಹರಡಿದರು. ಹಳೆಯ ಮಿಲಿಟರಿ ಕೋವಿ. ಒಂದು ಗುಂಡು ಹಾರಿದೊಡನೆ ಮುಂದಿನ ತೋಟಾವನ್ನು ತಾನೇ ಎಳೆದುಕೊಳ್ಳುವಂಥದ್ದು. ಗುಂಡು ಹಾರಿಸುವ ಸೂಜಿಯನ್ನು ಹಿಂದಕ್ಕೆ ಹಿಡಿದಿಡಲು ಸ್ಪ್ರಿಂಗಿಲ್ಲ. ಬೋಲ್ಟು ಮುಚ್ಚುವಾಗಲೆಲ್ಲ ಅದು ತೋಟಾದ ಬುಡದಲ್ಲಿರುವ, ಮದ್ದಿಗೆ ಕಿಡಿ ಕೊಡುವ ಕೇಪಿಗೆ ಮೆಲ್ಲಗೆ ಮೂತಿ ತಾಗಿಸುತ್ತದೆ. ಜಿಡ್ಡು ಕಟ್ಟಿ ಸೂಜಿ ಮುಂದೆಯೇ ಸಿಕ್ಕಿಕೊಂಡರೆ ಮುಗಿಯಿತು ಕಥೆ, ಗುಂಡು ತಾನಾಗಿ ಹಾರುತ್ತದೆ. ಗಾರ್ತ್ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕಿವಿಯ ಹತ್ತಿರ ಅಲುಗಾಡಿಸಿದ. ಸೂಜಿ ಟಕಟಕ ಎಂದು ಸಲೀಸಾಗಿ ಆಡಿತು. ಮತ್ತೆ ಜೋಡಿಸಿ, ಪರೀಕ್ಷೆಗೆಂದೇ ಅಂಗಡಿಯಿಂದ ತಂದ ತೋಟಾಗಳನ್ನು ಹಾಕಿ, ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಪೆಟ್ಟಿಗೆ ಪೂರ್ತಿ ಹಾರಿಸಿದ. ಕೋವಿ ಹೇಳಿದ ಮಾತು ಕೇಳುವ ಹಸುವಿನ ಹಾಗಿತ್ತು.

ಅಲ್ಲಿಗೆ ಅನುಮಾನಕ್ಕೆ ಉಳಿದದ್ದು ಲೈಮನ್ ಕೈಯಾರೆ ತುಂಬಿದ ತೋಟಾಗಳು. ಅದನ್ನು ಬಾಯಿ ಬಿಟ್ಟು ಹೇಳುವುದಾದರೂ ಹೇಗೆ? ಅಂಗಡಿಯ ತೋಟಾವನ್ನು ಈ ಮನೆ ನಂಬಿದ್ದೇ ಇಲ್ಲ. ಮದ್ದು ತೂಗಿ, ಕೇಪು ಕೂರಿಸಿ, ಗುಂಡು ಒತ್ತಿ, ಸುತ್ತಲಿನ ಬೇಟೆಗಾರರಿಗೆಲ್ಲ ತೋಟಾ ಹಂಚಿದವನು ಲೈಮನ್. ಗಾರ್ತ್ ಅಣ್ಣನ ಪೆಟ್ಟಿಗೆಯಿಂದ ಒಂದನ್ನು ಎತ್ತಿ ಬುಡವನ್ನು ಬೆರಳಿನಿಂದ ಸವರಿದ. ಕೇಪು ಕೂದಲೆಳೆಯಷ್ಟು ತಗ್ಗಿನಲ್ಲಿ ಇರಬೇಕಿತ್ತು, ಎದ್ದು ನಿಂತಿತ್ತು. ಇನ್ನೊಂದನ್ನು ಸವರಿದ. ಅದೂ ಹಾಗೆಯೇ. ಅವನ ಸಿಟ್ಟು ನೆತ್ತಿಗೇರಿತು.

"ನಿದ್ದೆಗಣ್ಣಲ್ಲಿ ತುಂಬಿದ್ಯಾ ಇದನ್ನ? ಕೇಪು ಮೇಲೆದ್ದಿದೆ ನೋಡು! ಸೂಜಿ ಹೀಗೆ ತಾಗಿದ್ರೂ ಸಾಕು, ಹಾರತ್ತೆ. ಇವತ್ತು ನನ್ನ ಹೆಣ ಎತ್ತಬೇಕಿತ್ತಲ್ಲೋ!"

"ಏಯ್, ನಾಲಿಗೆ ಬಿಗಿ ಹಿಡಿ! ಒಂದೊಂದನ್ನೂ ಸವರಿ ನೋಡಿದೀನಿ. ಕೊಡು ಇಲ್ಲಿ." ಲೈಮನ್ ತೋಟಾವನ್ನು ಕಿತ್ತುಕೊಂಡು ಬುಡದ ಮೇಲೆ ಹೆಬ್ಬೆರಳಾಡಿಸಿದ. "ಕನ್ನಡಿ ಹಾಗೆ ಸಪಾಟಾಗಿದೆ." ಇನ್ನೊಂದನ್ನು ಸವರಿದ. "ಇದೂ ಅಷ್ಟೇ. ಏನಾಗಿದೆ ನಿಂಗೆ?"

ಗಾರ್ತ್ ಅಣ್ಣನ ಹೆಬ್ಬೆರಳನ್ನೇ ನೋಡಿದ. ಸಿಟ್ಟೆಲ್ಲ ಇಳಿದುಹೋಯಿತು. ತಮ್ಮನ ಮುಖ ನೋಡುತ್ತ ನೋಡುತ್ತ ಮೇಲೆದ್ದ ಕೇಪು ತನ್ನ ಬೆರಳಿಗೆ ಗೊತ್ತೇ ಆಗಿಲ್ಲವೆಂದು ಲೈಮನ್‌ಗೂ ಅರ್ಥವಾಯಿತು. ಅವನು ತೋಟಾವನ್ನು ಮೇಜಿನ ಮೇಲಿಟ್ಟು, ಎರಡು ಕೈಗಳನ್ನೂ ಜೇಬಿಗೆ ತುರುಕಿಕೊಂಡ.

"ಯಾವಾಗಿಂದ ಅಣ್ಣಾ?"

"ನಾಲ್ಕನೇ ಸಲ ಕೀಮೋ ಔಷಧಿ ಏರಿಸಿದ ಮೇಲಿಂದ. ಮೊದಲು ಜೋಮು ಹಿಡಿದ ಹಾಗಿತ್ತು. ಈಗ ಏನೂ ಇಲ್ಲ. ಒತ್ತಿದ್ರೆ ಕೂರೋ ಈ ಟಿಚ್‌ಬಟನ್ ಅಂಗಿ ಯಾಕೆ ಹಾಕ್ಕೋತೀನಿ ಅಂದ್ಕೊಂಡೆ? ಶೋಕಿಗಾ?"

"ಡಾಕ್ಟರಿಗೆ ಹೇಳಿದ್ಯಾ?"

"ಪ್ರತಿ ಸಲ ಕೇಳ್ತಾರೆ, ಕೈ ಜೋಮು ಹಿಡಿಯತ್ತಾ ಅಂತ. ಇಲ್ಲ ಅಂತೀನಿ. ಹೂಂ ಅಂದ್ರೆ ಔಷಧಿ ನಿಲ್ಲಿಸ್ತಾರೆ ಕಣೋ. ಗಡ್ಡೆ ಈಗ ಕರಗ್ತಾ ಇದೆ. ಉಸಿರೇ ಹೋದ್ಮೇಲೆ ಬೆರಳು ಕಟ್ಕೊಂಡು ಏನ್ ಮಾಡ್ಲಿ?" ಲೈಮನ್ ದನಿ ತಗ್ಗಿಸಿದ. "ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗೋನು ನೀನೇ ತಾನೆ? ಬಾಯಿ ಬಿಡಬೇಡ. ನಿನ್ನ ಅತ್ತಿಗೆ ವರ್ನಾಗಂತೂ ಸುಳಿವೂ ಸಿಗಬಾರದು. ಗೊತ್ತಾದ್ರೆ ಸೀದಾ ಹೋಗಿ ಡಾಕ್ಟರ ಮುಂದೆ ನಿಲ್ತಾಳೆ."

ಗಾರ್ತ್ ಮೇಜಿನ ಮೇಲಿದ್ದ ತೋಟಾಗಳನ್ನು ಪೆಟ್ಟಿಗೆಗೆ ಹಾಕತೊಡಗಿದ. ಡಾಕ್ಟರಿಗೆ ಹೇಳಿದರೆ ಅಣ್ಣನ ಔಷಧಿ ನಿಲ್ಲುತ್ತದೆ; ಹೇಳದಿದ್ದರೆ ಇಂದು ಬೆರಳು, ನಾಳೆ ಪಾದ. ಯಾವ ಪಾಪವನ್ನು ಕಟ್ಟಿಕೊಳ್ಳುವುದು? ಅವನು ಪೆಟ್ಟಿಗೆಯನ್ನು ಮುಚ್ಚಿ ತನ್ನ ಕಂಕುಳಿಗೆ ಸಿಕ್ಕಿಸಿಕೊಂಡ. "ಇವನ್ನೆಲ್ಲ ನಾನು ಬಿಚ್ತೀನಿ. ಇನ್ಮೇಲೆ ಕೇಪು ಕೂರಿಸೋ ಕೆಲಸ ನಂದು, ಮದ್ದು ತೂಗೋದು ನಿಂದು. ಆಯ್ತಾ?"

"ಆಯ್ತು ಮಹರಾಯ," ಎಂದ ಲೈಮನ್. ಅವನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಅತ್ತಿಗೆ ವರ್ನಾ ಅಂಗಳ ದಾಟಿ ಬರುವುದು ಗಾರ್ತ್‌ಗೆ ಕಿಟಕಿಯಲ್ಲಿ ಕಂಡಿತು. ಲೈಮನ್ ಆ ಕಡೆಗೆ ಬೆನ್ನು ಹಾಕಿ ಕೂತಿದ್ದ. ಅವಳ ಎರಡೂ ಕೈಯಲ್ಲಿ ಹೊಗೆಯಾಡುವ ಕಾಫಿ ಲೋಟ. ಷೆಡ್ಡಿನ ಬಾಗಿಲ ಹತ್ತಿರ ಬಂದವಳು ಒಳಗೆ ಬರಲಿಲ್ಲ. ಸೌದೆಯ ಒಟ್ಟಿಲ ಮೇಲೆ ಲೋಟಗಳನ್ನಿಟ್ಟು, ಒಂದರೊಳಗೆ ತನ್ನ ಕಿರುಬೆರಳು ಅದ್ದಿ ಸರಕ್ಕನೆ ತೆಗೆದಳು. ಪಕ್ಕದ ನಲ್ಲಿಯ ನೀರು ಬೆರೆಸಿದಳು. ಮತ್ತೆ ಬೆರಳು ಅದ್ದಿದಳು. ಈ ಸಲ ಬೆರಳನ್ನು ಹಾಗೇ ಬಿಟ್ಟು, ಹಸುಗೂಸಿನ ಹಾಲು ನೋಡುವವಳಂತೆ ಒಂದು ಗಳಿಗೆ ನಿಂತಳು. ಗಾರ್ತ್‌ಗೆ ಹೊಳೆಯಿತು. ಅಣ್ಣನ ಕೈಗೆ ಬಿಸಿ ತಿಳಿಯದೆಂದು ಇವಳಿಗೂ ಗೊತ್ತಿದೆ, ಇವಳೂ ಡಾಕ್ಟರ ಮುಂದೆ ಬಾಯಿ ಬಿಟ್ಟಿಲ್ಲ.

ವರ್ನಾ ಬೆರಳನ್ನು ಅಡುಗೆಯ ಏಪ್ರನ್ನಿಗೆ ಒರೆಸಿಕೊಂಡು ಗದ್ದಲ ಮಾಡುತ್ತ ಒಳಗೆ ಬಂದಳು. "ಬೆಳಗ್ಗಿಂದ ಆ ಕಬ್ಬಿಣದ ಜೊತೆ ಸಂಸಾರ ಮಾಡಿದ್ದು ಸಾಕು. ತಗೊಳ್ಳಿ ಕಾಫಿ. ಹುಷಾರು ರೀ, ಸುಡ್ತಾ ಇದೆ."

ಹಬೆಯಿಲ್ಲದ ಆ ಲೋಟವನ್ನು ಲೈಮನ್ ಎರಡೂ ಅಂಗೈಯಿಂದ ಹಿಡಿದುಕೊಂಡ. ಹಿಡಿದವನು, ಬಿಸಿ ತಾಗಿದವನ ಹಾಗೆ ಕೈ ಬದಲಿಸಿದ.

"ಹೂಂ ಕಣೇ," ಎಂದ. "ಒಳ್ಳೇ ಸುಡ್ತಾ ಇದೆ."