ಚಾಲೂ ಬಿಟ್ಟ ಗಾಡಿ

ಮುನವಳ್ಳಿಯವರ ಮದುವೆ ಕಾರ್ಡು ಹನ್ನೆರಡಕ್ಕೆಲ್ಲ ಪ್ರೆಸ್ಸಿಗೆ ಮುಟ್ಟಬೇಕಿತ್ತು. ಹನ್ನೊಂದಾದರೂ, ಮನೆಯಲ್ಲೇ ಕಾರ್ಡು ಡಿಸೈನ್ ಮಾಡುವ ದುರ್ಗಾಳ ಕಂಪ್ಯೂಟರು ವರನ ಹೆಸರಿನ ಮೊದಲ ಅಕ್ಷರದಲ್ಲೇ ನಿಂತಿತ್ತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಈ ವಾರದಲ್ಲಿ ಇದು ಮೂರನೆಯ ಸಲ. ಇನ್ನೊಮ್ಮೆ ತಡವಾದರೆ ಬೈಲಹೊಂಗಲದಲ್ಲಿ ಡಿಸೈನ್ ಮಾಡುವವರಿಗೇನು ಬರವಿಲ್ಲ ಎಂದು ಪ್ರೆಸ್ಸಿನವರು ಹೇಳಿಬಿಟ್ಟಿದ್ದರು.

ಅವಳು ಟಾಸ್ಕ್ ಮ್ಯಾನೇಜರ್ ತೆರೆದು, ಒಳಗೆ ಏನೇನು ನಡೆಯುತ್ತಿದೆ ಎಂದು ನೋಡಿದಳು. ಹೆಸರು ಒಂದೇ, ಸಾಲು ಹದಿನಾಲ್ಕು. ಆಟಗಳ ಯಾವುದೋ ಆ್ಯಪು. ಯಾರೂ ಆಡುತ್ತಿಲ್ಲ, ಆದರೂ ಅದು ಹಿಂದೆ ಕುಳಿತು ಅರ್ಧ ಮೆಮೊರಿ ನುಂಗಿತ್ತು, ಸಾಲದ್ದಕ್ಕೆ ಏನನ್ನೋ ಡೌನ್‌ಲೋಡ್ ಮಾಡಿಕೊಳ್ಳುತ್ತಿತ್ತು. ಒಂದು ಸಾಲನ್ನು ಬಂದ್ ಮಾಡಿದರೆ ಎರಡು ಹೊಸದಾಗಿ ಎದ್ದವು. ದುರ್ಗಾ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ ಗಂಡನಿಗೆ ಫೋನ್ ಹಚ್ಚಿದಳು.

“ಏನ್ರೀ, ಕಂಪ್ಯೂಟರಿನ್ಯಾಗ ಯಾವುದೋ ಆಟದ್ದು ಹೊಕ್ಕೊಂಡೈತಿ. ವೈರಸ್ ಇರಬೇಕು. ಬುಡಮಟಾ ತಗದು ಒಗೀತೇನಿ.”

ಆ ಕಡೆ ಗಂಡ ಅರ್ಜುನ ಯಂತ್ರಗಳ ಸದ್ದಿನಿಂದ ದೂರ ಸರಿದ. ಆಮೇಲೆ ದನಿ ತಗ್ಗಿಸಿದ. “ತಗೀಬ್ಯಾಡ. ಅಪ್ಪಂದೈತಿ ಅದು. ಲಾರಿ ಹೊಡಿಯೂ ಆಟ. ನಾನ ಹಾಕಿಕೊಟ್ಟೇನಿ. ನೀ ಮಧ್ಯಾಹ್ನ ಪ್ರೆಸ್ಸಿಗೆ ಹೋದಾಗ ಆಡತಾನ.”

“ಮಾವಾರಾ? ನನಗ್ಯಾಕ ಹೇಳಲಿಲ್ಲ?”

“ಸೊಸಿ ಮುಂದ ನಾಚಿಕಿ ಅಂದ. ಅಲ್ಲಿ ಬ್ರೇಕು ಕೈಲೆ ಹಾಕೂದು ನೋಡು, ಕಾಲು ಬೇಕಾಗೂದಿಲ್ಲ.”

ದುರ್ಗಾ ಫೋನ್ ಕೆಳಗಿಟ್ಟಳು. ಮಾವ ಕಾಡಪ್ಪ ಮೂವತ್ತೊಂದು ವರ್ಷ ಎಂ.ಕೆ. ಹುಬ್ಬಳ್ಳಿ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆದವರು. ಹೋದ ವರ್ಷ ಸಕ್ಕರೆ ಕಾಯಿಲೆ ಅವರ ಬಲಗಾಲಿನ ಸ್ಪರ್ಶ ಕಿತ್ತುಕೊಂಡಿತು. ಪಾದ ಬ್ರೇಕಿನ ಮೇಲಿದೆಯೋ ಇಲ್ಲವೋ ತಿಳಿಯದಾಯಿತು. ಕೆಲಸ ಬಿಡು ಎಂದು ಯಾರೂ ಹೇಳಲಿಲ್ಲ. ಒಂದು ದಿನ ಕಾರ್ಖಾನೆ ಬಾಗಿಲ ಸಾಲಿನಲ್ಲಿ ಮುಂದೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಲಾರಿ ಮೆಲ್ಲಗೆ ತಾಗಿತು. ಅಂದು ಸಂಜೆ ಮನೆಗೆ ಬಂದು, “ನಾಳಿಂದ ನಾ ಹೋಗೂದಿಲ್ಲ,” ಎಂದರು. ಅಲ್ಲಿಂದ ಮಾತು ಕಡಿಮೆಯಾಯಿತು, ಊಟ ಅದಕ್ಕಿಂತ ಕಡಿಮೆಯಾಯಿತು. ಈಗ ಎರಡು ತಿಂಗಳಿಂದ ಮಾತ್ರ ಮತ್ತೆ ಕೇಳಿ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ತನ್ನ ಪಲ್ಯದ ಗುಣ ಎಂದುಕೊಂಡಿದ್ದಳು ದುರ್ಗಾ.

ಅವಳು ಗಡಿಯಾರದ ಪಕ್ಕ ಅಡಗಿದ್ದ ಪುಟ್ಟ ಚಿತ್ರವನ್ನು ಹುಡುಕಿ ಆ್ಯಪನ್ನು ಅಲ್ಲಿಂದಲೇ ಪೂರ್ತಿ ಮುಚ್ಚಿದಳು. ಸಾಲುಗಳೆಲ್ಲ ಒಟ್ಟಿಗೇ ಹೋದವು. ಕಂಪ್ಯೂಟರಿನ ಜೊತೆಗೇ ಅದು ಏಳದಂತೆ ಮಾಡಿ, ಡೌನ್‌ಲೋಡ್ ನಿಲ್ಲಿಸಿದಳು. ಕಾರ್ಡು ಹನ್ನೆರಡಕ್ಕೆ ಐದು ನಿಮಿಷವಿರುವಾಗ ಇಮೇಲಿನಲ್ಲಿ ಪ್ರೆಸ್ಸಿಗೆ ಹೋಯಿತು. ಆದರೆ ಕೆಲಸ ಮುಗಿದಿರಲಿಲ್ಲ. ಮಾವ ಆಟ ಮುಗಿಸಿ ಮೂಲೆಯ ಗುಣಿಸುವ ಚಿಹ್ನೆ ಒತ್ತಿ ಏಳುತ್ತಾರೆ. ಕಿಟಕಿ ಮುಚ್ಚುತ್ತದೆ, ಆ್ಯಪು ಹಿಂದೆ ಉಳಿಯುತ್ತದೆ. ಹೇಳದಿದ್ದರೆ ನಾಳೆಯೂ ಇದೇ ಕಥೆ. ಹೇಳಿದರೆ, ನಾಚಿಕೆಯಿಂದ ಅವರು ಮತ್ತೆಂದೂ ಆ ಕುರ್ಚಿಯಲ್ಲಿ ಕೂರಲಿಕ್ಕಿಲ್ಲ.

ಎರಡು ಗಂಟೆಗೆ ಪ್ರೆಸ್ಸಿಗೆ ಹೊರಟವಳು ಪಡಸಾಲೆಯಲ್ಲಿ ನಿಂತಳು. ಕಾಡಪ್ಪ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು.

“ಮಾವಾರ, ಒಂದು ಮಾತು ಕೇಳಲೇನ್ರಿ? ಲಾರಿ ನಿಲ್ಲಿಸಿದ ಮ್ಯಾಲ ಬರೇ ಬಾಗಲಾ ಹಾಕಿ ಇಳದ್ರ ಸಾಕಾಗತೈತೇನ್ರಿ?”

“ಹೆಂಗ ಸಾಕಾಗತೈತಿ? ಇಂಜಿನ್ ಬಂದ್ ಮಾಡಬೇಕು, ಕೀಲಿ ತಗೀಬೇಕು.”

“ಮತ್ತ ನೀವು ದಿನಾ ಕಂಪ್ಯೂಟರಿನ್ಯಾಗ ಗಾಡಿ ಚಾಲೂ ಬಿಟ್ಟು ಇಳಿಯಾಕ ಹತ್ತೀರಲ್ರಿ.”

ಕಾಡಪ್ಪನವರ ಕೈ ಮೊರದಲ್ಲೇ ನಿಂತಿತು. ಮುಖ ಗೋಡೆಯ ಕಡೆ ತಿರುಗಿತು. ಹೇಳಬಾರದಿತ್ತು ಎಂದು ದುರ್ಗಾ ತುಟಿ ಕಚ್ಚಿಕೊಂಡಳು. ಆದರೆ ಅವರು ಮತ್ತೆ ಈ ಕಡೆ ತಿರುಗಿದಾಗ ಆ ಮುಖದಲ್ಲಿ ಇದ್ದದ್ದು ನಾಚಿಕೆಯಲ್ಲ, ನೋವು.

“ನಾನು? ಇಂಜಿನ್ ಬಂದ್ ಮಾಡಲಾರದ ಇಳದೇನಿ? ಮೂವತ್ತೊಂದು ವರ್ಷದಾಗ ಒಮ್ಮಿನೂ ಹಂಗ ಮಾಡಿದಾಂವ ಅಲ್ಲ. ಎಲ್ಲಿ, ತೋರಸು ಬಾ.”

ಸಿಪ್ಪೆ ಝಾಡಿಸಿಕೊಂಡು, ಬಲಗಾಲನ್ನು ನೋಡಿ ನೋಡಿ ಊರುತ್ತ ಅವರೇ ಮುಂದೆ ನಡೆದರು. ದುರ್ಗಾ ಆ ಪುಟ್ಟ ಚಿತ್ರ ತೋರಿಸಿ, ಎಲ್ಲಿ ಒತ್ತಬೇಕೆಂದು ಹೇಳಿಕೊಟ್ಟಳು. ಅವರು ಮೂರು ಸಲ ತೆರೆದು ಮೂರು ಸಲ ಮುಚ್ಚಿದರು. ಪ್ರತಿ ಸಲವೂ, “ಎಲ್ಲಾ ಹೋದವಾ? ಬರೋಬ್ಬರಿ ನೋಡು,” ಎಂದರು.

“ಎಲ್ಲಾ ಹೋದವ್ರಿ. ಈಗ ಒಂದು ಸುತ್ತು ಹೊಡದು ತೋರಸ್ರಿ, ನಾನೂ ನೋಡತೇನಿ.”

ಮಾವ ಅವಳ ಮುಖ ನೋಡಿದರು. ಪಕ್ಕದ ಸ್ಟೂಲನ್ನು ತಮ್ಮ ಎಡಗಡೆಗೆ ಎಳೆದಿಟ್ಟರು.

ಪರದೆಯ ಮೇಲೆ ರಸ್ತೆಯ ಎರಡೂ ಬದಿಗೆ ಹಿಮ ಬಿದ್ದಿತ್ತು. ಹೆಸರು ಗೊತ್ತಿಲ್ಲದ ಎತ್ತರದ ಮರಗಳು. ಹಿಂದೆ ಮುಂದೆ ಒಂದೂ ಗಾಡಿಯಿಲ್ಲದಿದ್ದರೂ ಕಾಡಪ್ಪ ಪ್ರತಿ ತಿರುವಿನಲ್ಲೂ ಇಂಡಿಕೇಟರ್ ಹಾಕುತ್ತಿದ್ದರು.

“ಯಾವ ಊರಿಗೆ ಹೊಂಟೀರಿ ಮಾವಾರ?”

“ಯಾರಿಗೊತ್ತವಾ. ಬೋರ್ಡೆಲ್ಲಾ ಇಂಗ್ಲೀಷಿನ್ಯಾಗ ಅದಾವು. ಎರಡು ತಿಂಗಳಾತು, ಎಲ್ಲಿಗೆ ಅನ್ನೂದು ತಿಳೀಲಾರದ ಬರೇ ಹೊಡ್ಯಾಕ ಹತ್ತೇನಿ.”

ದೂರದ ತಿರುವಿನಲ್ಲಿ ಒಂದು ನೀಲಿ ಬೋರ್ಡು ಕಾಣಿಸಿತು. ಸೊಸೆ ಓದಲೆಂದು ಮಾವ ಗಾಡಿಯ ವೇಗ ಇಳಿಸಿದರು.