ಮುಚ್ಚಳದ ಅಳತೆ

ಸೊಸೆ ತಳ ಹಿಡಿದ ಪಾತ್ರೆಯನ್ನು ಉಜ್ಜುತ್ತಿದ್ದಳು. ಮೇಲಿನ ಹಲಗೆಯಲ್ಲಿ ಕುಕ್ಕರ್ ಸುಮ್ಮನೆ ಕೂತಿತ್ತು. ಅದರ ಮುಚ್ಚಳಕ್ಕೆ ರಬ್ಬರ್ ಇರಲಿಲ್ಲ. ಅಳತೆಗೆಂದು ಹಳೆಯ ರಬ್ಬರನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಬೇರೆಯದನ್ನು ತರಲು ಅತ್ತೆ ಬಿಡುತ್ತಿರಲಿಲ್ಲ. ತರಲಿಕ್ಕೆಂದೇ ಹೋಗಿದ್ದಾನಲ್ಲ ಎನ್ನುತ್ತಿದ್ದರು. ಅಂದಿನಿಂದ ಆ ಮನೆಯಲ್ಲಿ ಕಾಳು ಬೇಯಿಸುವುದೆಂದರೆ ಅರ್ಧ ದಿನದ ಕೆಲಸ.

ತಲೆ ಎತ್ತದೆ ಸೊಸೆ ಹೇಳಿದಳು. “ಅತ್ತೆ, ಇವತ್ತು ಅವ್ರ ಹೆಸರು ಬಂತು.”

ಎಲ್ಲಿ ಬಂತೆಂದು ಅತ್ತೆ ಕೇಳಲಿಲ್ಲ. ಸೊಸೆಯ ಕೆಲಸ ಕಾಣೆಯಾದವರ ದಾಖಲೆ ಇಡುವ ಕಚೇರಿಯಲ್ಲಿ. ಏಳು ವರ್ಷ ಸುಳಿವು ಸಿಗದವರನ್ನು ಸತ್ತವರೆಂದು ಬರೆದುಕೊಳ್ಳುವುದು ಅಲ್ಲಿಯ ನಿಯಮ. ಅವಧಿ ತುಂಬಿದವರ ಹೆಸರನ್ನು ಕಂಪ್ಯೂಟರ್ ತಾನೇ ಹೆಕ್ಕಿಕೊಡುತ್ತದೆ, ಮನೆಗೊಂದು ಪತ್ರ ಹೋಗುತ್ತದೆ. ಆ ಪ್ರೋಗ್ರಾಂ ಬರೆದವಳೂ ಅವಳೇ. ಮದುವೆಗೆ ಮೊದಲು, ಸಾವೆಲ್ಲ ಯಾರದೋ ಮನೆಯದು ಎಂದುಕೊಂಡಿದ್ದ ಕಾಲದಲ್ಲಿ.

ಅತ್ತೆ ಗೋಡೆಗೊರಗಿ ಸದ್ದಿಲ್ಲದೆ ಅತ್ತರು. ಕಣ್ಣೀರು ಬತ್ತಿದ ಮೇಲೆ ಎದ್ದು ಮುಖ ತೊಳೆದರು. ಮಗನ ಅಂಗಿಗಳನ್ನೆಲ್ಲ ಗಂಟು ಕಟ್ಟಿ ಪಕ್ಕದ ಗೋದಾಮಿನ ಕಾವಲುಗಾರನಿಗೆ ಕೊಟ್ಟು ಬಂದರು. ಹಸಿವಾಗಿದೆ, ಬಡಿಸು ಎಂದರು.

ಮರುದಿನ ಕಚೇರಿಯಲ್ಲಿ ಪತ್ರಕ್ಕೆ ತಾರೀಕು ಹಾಕುವಾಗ ಸೊಸೆಯ ಕೈ ನಿಂತಿತು. ಅವನು ಹೋದ ತಾರೀಕು ಈ ವರ್ಷ ಇನ್ನೂ ಬಂದೇ ಇರಲಿಲ್ಲ, ನಾಳೆ ಬರಬೇಕಿತ್ತು. ಪ್ರೋಗ್ರಾಂ ತೆಗೆದು ನೋಡಿದಳು. ವರ್ಷವೆಂದರೆ ಮುನ್ನೂರ ಅರವತ್ತೈದು ದಿನ ಎಂದು ತಾನೇ ಬರೆದಿಟ್ಟ ಸಾಲು ಅಲ್ಲಿತ್ತು. ಈ ಏಳು ವರ್ಷದಲ್ಲಿ ಎರಡು ಸಲ ಫೆಬ್ರವರಿಗೆ ಒಂದೊಂದು ದಿನ ಹೆಚ್ಚಿಗೆ ಬಂದಿತ್ತು. ಅವಳ ಸಾಲು ಅವನನ್ನು ಎರಡು ದಿನ ಮುಂಚೆಯೇ ಸಾಯಿಸಿತ್ತು. ಅವನೊಬ್ಬನನ್ನೇ ಅಲ್ಲ, ಈವರೆಗೆ ಪತ್ರ ಹೋದ ಎಲ್ಲರನ್ನೂ ಒಂದೋ ಎರಡೋ ದಿನ ಮುಂಚೆ.

ಹೇಳಿದಾಗ ಮೇಲಧಿಕಾರಿ ನಕ್ಕರು. “ಸತ್ತೋರಿಗೆ ಎರಡು ದಿನ ಹಿಂದೆ ಮುಂದೆ ಆದ್ರೆ ಏನಮ್ಮ, ರೈಲು ತಪ್ಪಿಹೋಗುತ್ತಾ?” ಆಮೇಲೆ ಅವಳ ಕೈಲಿದ್ದ ಪತ್ರದ ಮೇಲಿನ ಹೆಸರು ಅವರ ಕಣ್ಣಿಗೆ ಬಿತ್ತು. ತಿದ್ದಿಬಿಡು ಎಂದು ಗೋಡೆಯ ಕಡೆ ತಿರುಗಿ ಹೇಳಿದರು.

ತಿದ್ದಿದ ಕೂಡಲೇ ಅವನ ಹೆಸರು ಪಟ್ಟಿಯಿಂದ ಹೋಯಿತು. ಅವಳು ಓಡೋಡಿ ಮನೆಗೆ ಬಂದಳು.

“ಅತ್ತೆ, ನಾಳೆವರೆಗೂ ಇದಾರೆ ಅವ್ರು.”

ಅತ್ತೆ ಅವಳ ಮುಖವನ್ನೇ ನೋಡಿದರು. ಚಪ್ಪಲಿ ಮೆಟ್ಟಿ ಗೋದಾಮಿಗೆ ಹೋಗಿ ಗಂಟನ್ನು ವಾಪಸು ತಂದರು. ಒಂದು ಅಂಗಿ ಕಾವಲುಗಾರನ ಮೈಮೇಲಿತ್ತು. ಅದನ್ನೂ ಬಿಚ್ಚಿಸಿಕೊಂಡು ಬಂದರು.

ಆ ನಾಳೆ ಬಂತು, ಹೋಯಿತು. ಪಟ್ಟಿಯಲ್ಲಿ ಹೆಸರು ಮತ್ತೆ ಮೂಡಿತು. ಸೊಸೆಗೆ ಪತ್ರ ಕಳಿಸಲು ಕೈ ಬರಲಿಲ್ಲ. ‘ಪರಿಶೀಲನೆಯಲ್ಲಿದೆ’ ಎಂದು ಗುರುತು ಹಾಕಿ ಪಕ್ಕಕ್ಕಿಟ್ಟಳು. ಮುಗೀತಾ ಎಂದು ಸಂಜೆಯಾದರೆ ಅತ್ತೆ ಕೇಳುತ್ತಿದ್ದರು. ಲೆಕ್ಕ ಇನ್ನೂ ಕೂಡಿಬಂದಿಲ್ಲ, ಒಂದು ತಿಂಗಳಿದ್ದ ಹಾಗೆ ಇನ್ನೊಂದಿಲ್ಲ, ಒಂದು ವರ್ಷದ ಉದ್ದ ಇನ್ನೊಂದಕ್ಕಿಲ್ಲ, ಕಂಪ್ಯೂಟರಿಗೂ ತಲೆ ಕೆಡುತ್ತದೆ ಎಂದು ಅವಳು ಏನೇನೋ ಹೇಳುತ್ತಿದ್ದಳು. ಮಾತೇನೋ ನಿಜವೇ. ಇಷ್ಟು ವರ್ಷ ಸಮಾಧಾನದಿಂದ ಕಾಯುವುದನ್ನು ರೂಢಿ ಮಾಡಿಕೊಂಡಿದ್ದ ಮುದುಕಿಗೆ ಈಗ ಅದು ಮರೆತುಹೋಗಿತ್ತು. ಬೀದಿಯಲ್ಲಿ ಯಾರ ಹೆಜ್ಜೆ ಕೇಳಿದರೂ ಅನ್ನದ ಕೈಯಲ್ಲೇ ಎದ್ದು ಬಾಗಿಲಿಗೆ ಹೋಗುತ್ತಿದ್ದರು. ನೋಡುನೋಡುತ್ತ ಕಡ್ಡಿಯಾದರು.

ಹೀಗೇ ಬಹಳ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ಹೊರಡುವ ಹೊತ್ತಿಗೆ ಅತ್ತೆ ಕುಕ್ಕರನ್ನು ಕೆಳಗಿಳಿಸಿಕೊಂಡು ಕೂತಿದ್ದರು. ಮುಚ್ಚಳದ ಅಂಚಿಗೆ ದಾರ ಸುತ್ತಿ, ಅಳತೆಗೆ ಸರಿಯಾಗಿ ಹಲ್ಲಿನಿಂದ ಕಡಿದರು.

“ಅವತ್ತು ನಾನು ಅತ್ತು ಮುಗಿಸಿದ್ದೆ ಕಣಮ್ಮ,” ಎಂದರು. “ನೀನು ಬಂದು ಅವನನ್ನ ಎಬ್ಬಿಸಿದೆ. ಅವತ್ತಿಂದ ದಿನಾ ಸಂಜೆ ಸಾಯ್ತಾ ಇದಾನೆ ನನ್ನ ಮಗ.”

ಸೊಸೆ ಬಾಗಿಲಲ್ಲೇ ನಿಂತಳು. ಅತ್ತೆ ದಾರವನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಬರುವಾಗ ಈ ಅಳತೆಗೆ ಒಂದು ರಬ್ಬರ್ ತಾ.”

ಕಚೇರಿಯಲ್ಲಿ ಅವಳು ‘ಪರಿಶೀಲನೆಯಲ್ಲಿದೆ’ ಎಂಬ ಗುರುತನ್ನು ಅಳಿಸಿದಳು. ಪತ್ರಕ್ಕೆ ಹೊಸ ತಾರೀಕು ಹಾಕಿ, ಲಕೋಟೆ ಅಂಟಿಸಿ, ಅಂಚೆ ಚೀಲ ಹೊತ್ತು ಬಂದ ಜವಾನನ ಮುಂದೆ ಹಿಡಿದಳು. ಅವನು ವಿಳಾಸ ಓದಿ ಹುಬ್ಬೇರಿಸಿದ.

“ನಿಮ್ಮ ಮನೇದೇ ಅಲ್ವಾ ಮೇಡಂ? ಸಂಜೆ ಹೋಗ್ತಾ ನೀವೇ ತಗೊಂಡು ಹೋಗಬಹುದಲ್ಲ.”

ಅತ್ತೆ ಕೊಟ್ಟ ದಾರವನ್ನು ಅವಳು ಬೆರಳಿಗೆ ಸುತ್ತಿಕೊಂಡಿದ್ದಳು. ಬಿಗಿದು ಬೆರಳ ತುದಿ ನೀಲಿಗಟ್ಟಿತ್ತು.

“ಬೇಡ, ಅಂಚೇಲೇ ಹೋಗಲಿ,” ಎಂದಳು. “ಎರಡು ದಿನ ಹಿಡಿಯುತ್ತಲ್ಲ.”