ಪಾರ್ವತೆವ್ವನ ಕೈಬರಹ

ಸತ್ತವರೂ ಚುನಾವಣೆಗೆ ನಿಲ್ಲಬಹುದೆಂದು ಕಾನೂನಾದ ಮೇಲೆ ಬದುಕಿದ್ದವರಿಗೆ ಟಿಕೆಟ್ ಸಿಗುವುದು ಅಪರೂಪವಾಗಿತ್ತು. ಸತ್ತವರು ಪಕ್ಷಾಂತರ ಮಾಡುವುದಿಲ್ಲ, ಎದುರು ಮಾತಾಡುವುದಿಲ್ಲ. ಈ ಸಲ ಪಕ್ಷದ ಸಮೀಕ್ಷೆಯಲ್ಲಿ ತಾಲ್ಲೂಕು ಅಧ್ಯಕ್ಷ ಫಕೀರಗೌಡನ ತೀರಿಹೋದ ಹೆಂಡತಿಯ ಹೆಸರೇ ಮೇಲೆ ಬಂದಿತ್ತು.

"ಪಾರ್ವತೆವ್ವಾರು ನಿಂತ್ರ ಒಂಬತ್ತು ಸಾವಿರ ಲೀಡ್ ಐತ್ರಿ ಗೌಡ್ರ," ಎಂದ ಕಾರ್ಯದರ್ಶಿ ಈರಣ್ಣ. "ಆದ್ರ ಬದುಕಿದ್ದಾಗ ಅವರಿಗೆ ನಿಲ್ಲೂ ಆಸೆ ಇತ್ತು ಅನ್ನೂದಕ್ಕ ಅವರ ಕೈಬರಹ ಬೇಕಂತ್ರಿ. ಏನರ ಐತೇನು?"

ಫಕೀರಗೌಡ ಎದ್ದು ಹೋಗಿ ಟ್ರಂಕಿನ ತಳಕ್ಕೆ ಕೈ ಹಾಕಿದ. ಹಿಂದಿನ ಮೂರು ಚುನಾವಣೆಗಳಿಗೂ ಟಿಕೆಟ್ ಕೇಳಿ ಅವಳು ಬರೆದ ಅರ್ಜಿಗಳು ಅಲ್ಲಿದ್ದವು. "ಮ್ಯಾಲಿನವರು ಆಗೂದಿಲ್ಲ ಅಂದ್ರು" ಎಂದು ಪ್ರತಿಸಲವೂ ಅವಳಿಗೆ ಹೇಳಿದ್ದ, ಒಂದನ್ನೂ ಕಳಿಸಿರಲಿಲ್ಲ.

"ಯಾವ ವರ್ಷದ್ದು ಬೇಕಪಾ?" ಎಂದು ತಲೆ ಎತ್ತದೆ ಕೇಳಿದ.